ಫೈಬರ್‌ಗ್ಲಾಸ್ ದುರಸ್ತಿಯಲ್ಲಿ ಉಪ್ಪುಕಾಗದದ ಆಯ್ಕೆ

ಹಿಂದೆ ಮರ, ಮಣ್ಣು, ತೊಗಲು, ಕಬ್ಬಿಣ ಇವುಗಳಿಂದಲೇ ಆಗುತ್ತಿದ್ದ ಬೇಸಾಯಗಾರನ ಸಾಮಾನುಗಳಲ್ಲಿ ಅನೇಕವು ಈಗ ಫೈಬರ್‌ಗ್ಲಾಸಿನಿಂದ ತಯಾರಾಗಿ ಬರುತ್ತಿವೆ. ಗೋಬರ್ ಗ್ಯಾಸಿನ ತೇಲುವ ಡ್ರಮ್ಮು, ನೀರಿನ ತೊಟ್ಟಿ, ಮೀನುಮರಿಗಳನ್ನು ಬೆಳೆಸುವ ತೊಟ್ಟಿ, ಹೊಳೆಸಾಲಿನ ಕೆಲವು ಊರುಗಳಲ್ಲಿ ಹರಿಗೋಲು, ಇವೆಲ್ಲವೂ ಈ ಜಾತಿಗೆ ಸೇರಿದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾದರಿಯ ಅನಿಲ ಸ್ಥಾವರಗಳಿಗೆ ಮೊದಲು ಕಬ್ಬಿಣದ ಡ್ರಮ್ಮುಗಳನ್ನೇ ಹಾಕುತ್ತಿದ್ದರು. ಸಗಣಿಯ ಬಗ್ಗಡದಲ್ಲಿ ಸದಾ ನೆನೆಯುವ ಕಬ್ಬಿಣವು ತುಕ್ಕು ಹಿಡಿದು ತೂತಾಗುತ್ತಿದ್ದುದರಿಂದ, ತುಕ್ಕೆಂಬುದನ್ನೇ ಅರಿಯದ ಫೈಬರ್‌ಗ್ಲಾಸು ಆ ಸ್ಥಾನಕ್ಕೆ ಬಂದಿತು.

ಆದರೆ ತುಕ್ಕು ಹಿಡಿಯದ ಮಾತ್ರಕ್ಕೆ ಒಡೆಯುವುದಿಲ್ಲವೆಂದು ತಿಳಿಯಕೂಡದು. ಡ್ರಮ್ಮನ್ನು ಎತ್ತಿ ಇಳಿಸುವಾಗ ಕಲ್ಲಿಗೆ ತಾಗಿದರೆ, ತೊಟ್ಟಿಯ ಅಂಚಿಗೆ ದನವು ಗುದ್ದಿದರೆ, ಬುಡದಲ್ಲಿ ಒಂದೇ ಕಡೆ ಭಾರ ಬಿದ್ದರೆ, ಬಿರುಕು ಬಿಡುವುದುಂಟು. ಆಗ ಗಾಜುನಾರಿನ ಬಟ್ಟೆಯನ್ನೂ ಎಪಾಕ್ಸಿ ರಾಳವನ್ನೂ ತಂದು ತೇಪೆ ಹಾಕಿಸುತ್ತಾರೆ. ಅನೇಕ ಕಡೆ ಈ ತೇಪೆಯು ಒಂದು ಮಳೆಗಾಲ ಕಳೆಯುವುದರೊಳಗೆ ಅಂಚಿನಿಂದ ಎದ್ದು ಬರುತ್ತದೆ. ರೈತನು ರಾಳವನ್ನು ಹಳಿಯುತ್ತಾನೆ, ಅಂಗಡಿಯವನನ್ನು ಹಳಿಯುತ್ತಾನೆ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಇವೆರಡರಲ್ಲಿಯೂ ಇರುವುದಿಲ್ಲ. ಕೆಲವೇ ರೂಪಾಯಿಗಳ ಉಪ್ಪುಕಾಗದದಲ್ಲಿ ಇರುತ್ತದೆ. ಯಾವ ಕಾಗದವನ್ನು, ಯಾವ ಹಂತದಲ್ಲಿ, ಯಾವ ಉದ್ದೇಶಕ್ಕಾಗಿ ಉಪಯೋಗಿಸಬೇಕೆಂಬುದನ್ನು ಊರಿನ ಮುಖ್ಯಸ್ಥರೂ ಹಿಡುವಳಿದಾರರೂ ತಿಳಿದಿದ್ದರೆ, ಕೆಲಸಗಾರನಿಂದ ಸರಿಯಾಗಿ ಕೆಲಸ ತೆಗೆಯಬಹುದೆಂಬ ಅಭಿಪ್ರಾಯದಿಂದ ಈ ಲೇಖನವನ್ನು ಬರೆದಿದೆ.

1. ತೇಪೆಯು ಹಿಡಿಯುವ ಬಗೆ

ಫೈಬರ್‌ಗ್ಲಾಸ್ ಎಂಬುದು ಒಂದೇ ವಸ್ತುವಲ್ಲ. ಕೂದಲಿಗಿಂತ ಸಣ್ಣದಾಗಿ ಎಳೆದ ಗಾಜಿನ ನಾರು ಒಂದು, ಆ ನಾರನ್ನು ಹಿಡಿದಿಡುವ ರಾಳ ಇನ್ನೊಂದು. ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ ಇದರ ವ್ಯವಸ್ಥೆ. ಎಳೆತವನ್ನು ನಾರು ತಡೆಯುತ್ತದೆ. ಆಕಾರವನ್ನು ರಾಳ ಕಾಯುತ್ತದೆ. ಕಾರ್ಖಾನೆಯಿಂದ ಬರುವ ಡ್ರಮ್ಮು ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ರಾಳವಿರುತ್ತದೆ. ದುರಸ್ತಿಗೆ ಎಪಾಕ್ಸಿ ರಾಳವು ಉತ್ತಮವಾದದ್ದು. ಗಟ್ಟಿಯಾದ ಪಾಲಿಯೆಸ್ಟರಿನ ಮೇಲೆ ಎಪಾಕ್ಸಿಯು ಚೆನ್ನಾಗಿ ಹಿಡಿಯುತ್ತದೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಆದುದರಿಂದ ಒಮ್ಮೆ ಎಪಾಕ್ಸಿ ಹಾಕಿದ ಜಾಗಕ್ಕೆ ಮುಂದೆಯೂ ಎಪಾಕ್ಸಿಯನ್ನೇ ಹಾಕತಕ್ಕದ್ದು.

ರಾಳವು ಗಟ್ಟಿಯಾಗುವುದಕ್ಕೆ ಮುಂಚೆ, ಇನ್ನೂ ಬೆರಳಿಗೆ ಅಂಟುತ್ತಿರುವಾಗಲೇ ಮೇಲಿನ ಪದರವನ್ನು ಹಾಕಿದರೆ ಎರಡೂ ಕೂಡಿ ಒಂದೇ ಆಗುತ್ತವೆ. ಆಗ ಉಜ್ಜುವ ಅಗತ್ಯವೇ ಇಲ್ಲ. ಪೂರ್ತಿ ಗಟ್ಟಿಯಾದ ಮೇಲಾದರೋ ಹಾಗೆ ಕೂಡುವುದಿಲ್ಲ. ಆಗ ಹೊಸ ರಾಳವು ಹಳೆಯದನ್ನು ಹಿಡಿದುಕೊಳ್ಳುವುದಕ್ಕೆ ಇರುವ ಮುಖ್ಯ ಆಸರೆಯೆಂದರೆ ಉಪ್ಪುಕಾಗದವು ಮಾಡಿದ ಗೀರುಗಳು. ಗಾರೆ ಹಾಕುವ ಮುಂಚೆ ಗೋಡೆಗೆ ಕಚ್ಚು ಹಾಕುವುದು ಯಾತಕ್ಕೆಂಬುದನ್ನು ಎಲ್ಲರೂ ಬಲ್ಲರು. ಇಲ್ಲಿಯೂ ಹಾಗೆಯೇ.

ತಾಲ್ಲೂಕು ಸಂಚಾರದಲ್ಲಿ ನೋಡಿದ ಒಂದು ಡ್ರಮ್ಮಿನಲ್ಲಿ ಒಂದರ ಮೇಲೊಂದರಂತೆ ಮೂರು ತೇಪೆಗಳಿದ್ದುವು. ಮೂರೂ ಅಂಚಿನಿಂದ ಎದ್ದಿದ್ದುವು. ಕಿತ್ತು ಬಂದ ತೇಪೆಯನ್ನು ಮಗುಚಿ ನೋಡಲಾಗಿ ಅದರ ಕೆಳಮೈ ಕನ್ನಡಿಯಂತೆ ನುಣುಪಾಗಿತ್ತು. ರಾಳವೂ ನಾರೂ ಉಕ್ಕಿನಂತೆ ಗಟ್ಟಿಯಾಗಿಯೇ ಇದ್ದುವು. ಕೆಲಸಗಾರನು ಹಳೆಯ ಮೈಯನ್ನು ಸವೆದುಹೋದ ನುಣುಪು ಕಾಗದದಿಂದ ಉಜ್ಜಿ ಹೊಳಪು ಕೊಟ್ಟು, ಅದೇ ಅಂದವಾದ ಕೆಲಸವೆಂದು ಭಾವಿಸಿದ್ದನು. ಎದ್ದ ತೇಪೆಯ ಕೆಳಮೈಯಲ್ಲಿ ಹಳೆಯ ಡ್ರಮ್ಮಿನ ತುಣುಕುಗಳು ಅಂಟಿ ಬಂದಿದ್ದರೆ ಹಿಡಿತವು ಚೆನ್ನಾಗಿತ್ತೆಂದೂ, ಬರಿಯ ನುಣುಪು ಇದ್ದರೆ ಮೈಯನ್ನು ಸಿದ್ಧಗೊಳಿಸಿದುದರಲ್ಲಿ ದೋಷವೆಂದೂ ತಿಳಿಯಬೇಕು. ಈ ಪರೀಕ್ಷೆಯನ್ನು ಯಾರೂ ಮಾಡಬಹುದು.

2. ಹರಳಿನ ಜಾತಿಗಳು

ಉಪ್ಪುಕಾಗದವೆಂದರೆ ಕಾಗದದ ಅಥವಾ ಬಟ್ಟೆಯ ಮೇಲೆ ಗಟ್ಟಿ ಹರಳುಗಳನ್ನು ಅಂಟಿಸಿದ ಹಾಳೆ. ಹರಳು ಯಾವುದೆಂಬುದೇ ಮೊದಲ ಪ್ರಶ್ನೆ. ಗಟ್ಟಿತನವನ್ನು 1ರಿಂದ 10ರ ವರೆಗೆ ಅಳೆಯುವ ಮೋಸನ ಕ್ರಮವೊಂದಿದೆ, ವಜ್ರವು 10. ಇದರಲ್ಲಿ ಗಾಜು ಸುಮಾರು 6, ಬೆಣಚುಕಲ್ಲು 7. ಎಪಾಕ್ಸಿ ರಾಳವು ಇವೆಲ್ಲಕ್ಕಿಂತ ಬಹಳ ಮೆದು. ಆದರೆ ಉಜ್ಜುವಾಗ ರಾಳವೊಂದೇ ಎದುರಾಗುವುದಿಲ್ಲ. ಅದರೊಳಗಿನ ಗಾಜಿನ ನಾರೂ ಎದುರಾಗುತ್ತದೆ. ಆದುದರಿಂದ ಗಾಜಿಗಿಂತ ಬಹಳ ಗಟ್ಟಿಯಾದ ಹರಳೇ ಬೇಕು.

ಗಾಜಿನ ಪುಡಿ ಅಥವಾ ಬೆಣಚಿನ ಪುಡಿ ಅಂಟಿಸಿದ ಅಗ್ಗದ ಕಾಗದವು ಮರಕ್ಕೆ ಹೇಗೋ ಸಾಗಬಹುದು. ಗಾಜನ್ನು ಗಾಜಿನಿಂದಲೇ ಉಜ್ಜುವುದು ವ್ಯರ್ಥ ಪ್ರಯತ್ನ. ಹತ್ತು ಸಲ ಎಳೆಯುವುದರೊಳಗೆ ಹರಳಿನ ಮೊನೆಗಳು ಮುರಿದು ಕಾಗದವು ಬೋಳಾಗುತ್ತದೆ. ಕೆಂಪು ಬಣ್ಣದ ಗಾರ್ನೆಟ್ ಕಾಗದವು 7ರ ಆಸುಪಾಸಿನದು; ಇದೂ ಬಡಗಿಯ ಕೆಲಸಕ್ಕೆ ಸೇರಿದುದು.

ಅಲ್ಯುಮಿನಿಯಂ ಆಕ್ಸೈಡು 9ರ ಗಟ್ಟಿತನವುಳ್ಳದ್ದು. ಇದು ನಮಗೆ ಹೊಸದಲ್ಲ. ಸಾಣೆ ಹಿಡಿಯುವವರು ತಲೆತಲಾಂತರದಿಂದ ಅರಗಿನೊಡನೆ ಕಲಸಿ ಸಾಣೆಚಕ್ರ ಮಾಡುತ್ತಿದ್ದ ಕುರುಂದದ ಕಲ್ಲು ಇದೇ ವಸ್ತುವಿನ ನೈಸರ್ಗಿಕ ರೂಪ. ಕೊರಂಡಮ್ ಎಂಬ ಇಂಗ್ಲಿಷ್ ಹೆಸರು ಸಹ ನಮ್ಮ ದ್ರಾವಿಡ ಭಾಷೆಗಳ ಶಬ್ದದಿಂದಲೇ ಹುಟ್ಟಿದುದು. ಈಗ ಬಾಕ್ಸೈಟ್ ಅದಿರನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಇದನ್ನು ತಯಾರಿಸುತ್ತಾರೆ. ಹರಳು ಗಡುಸಾದುದು, ಬೇಗ ಮುರಿಯದು, ಒತ್ತಡವನ್ನು ತಾಳುತ್ತದೆ. ಆದುದರಿಂದ ಒಣ ಉಜ್ಜುವಿಕೆಗೂ, ಯಂತ್ರದ ಬಿಲ್ಲೆಗಳಿಗೂ, ಒರಟು ಕೆಲಸಕ್ಕೂ ಇದು ಯೋಗ್ಯ.

ಸಿಲಿಕಾನ್ ಕಾರ್ಬೈಡು ಇದಕ್ಕಿಂತಲೂ ತುಸು ಗಟ್ಟಿ. 9ಕ್ಕೂ 10ಕ್ಕೂ ನಡುವಿನದು. ಇದನ್ನು ಅಮೆರಿಕಾದ ಎಡ್ವರ್ಡ್ ಅಚೆಸನ್ ಎಂಬಾತನು 1891ರಲ್ಲಿ ಕೃತಕವಾಗಿ ತಯಾರಿಸಿದನು. ಇದರ ಹರಳು ಸೂಜಿಯಂತೆ ಚೂಪು, ಆದರೆ ಪೆಡಸು. ಮುರಿದಾಗಲೆಲ್ಲ ಹೊಸ ಮೊನೆ ಹುಟ್ಟುವುದರಿಂದ ಗಾಜು, ಗಟ್ಟಿ ರಾಳ, ಬಣ್ಣ ಮುಂತಾದುವನ್ನು ಕಡಿಮೆ ಒತ್ತಡದಲ್ಲಿ ಚೆನ್ನಾಗಿ ಕೊಯ್ಯುತ್ತದೆ. ಅಂಗಡಿಗಳಲ್ಲಿ ವಾಟರ್ ಪೇಪರ್ ಎಂದು ಮಾರುವ ಕಪ್ಪು ಹಾಳೆಯು ಸಾಮಾನ್ಯವಾಗಿ ಇದೇ. ನೀರಿನೊಡನೆ ಉಜ್ಜುವುದಕ್ಕೆ ಇದಕ್ಕೆ ಸಮನಾದುದಿಲ್ಲ.

ಎಮರಿ ಬಟ್ಟೆಯೂ ಕಪ್ಪಾಗಿಯೇ ಇರುವುದರಿಂದ ಇವೆರಡನ್ನೂ ಒಂದೇ ಎಂದು ತಿಳಿಯುವವರುಂಟು. ಎಮರಿಯು ಕುರುಂದದೊಡನೆ ಕಬ್ಬಿಣದ ಅದಿರು ಬೆರೆತ ಕಲ್ಲು. ಕಬ್ಬಿಣ ಹಿತ್ತಾಳೆಗಳನ್ನು ಉಜ್ಜುವುದಕ್ಕೆ ತಕ್ಕುದು. ಇದರ ಹರಳು ಮೊಂಡಾಗಿದ್ದು, ಫೈಬರ್‌ಗ್ಲಾಸಿನಲ್ಲಿ ಕೊಯ್ಯುವುದಕ್ಕಿಂತ ಹೆಚ್ಚಾಗಿ ತಿಕ್ಕುತ್ತದೆ. ಸಂದೇಹ ಬಂದಲ್ಲಿ ಹಾಳೆಯ ಹಿಂಬದಿಯನ್ನು ನೋಡಿ ಹರಳಿನ ಹೆಸರನ್ನೂ ನಂಬರನ್ನೂ ಓದಿಕೊಳ್ಳತಕ್ಕದ್ದು. ಹಿಂಬದಿಯಲ್ಲಿ ಏನನ್ನೂ ಅಚ್ಚುಮಾಡದ ಹಾಳೆಯನ್ನು ಕೊಳ್ಳದಿರುವುದೇ ಲೇಸು.

3. ನಂಬರಿನ ಅರ್ಥ

ನಂಬರು ಹೆಚ್ಚಿದಷ್ಟೂ ಹರಳು ಸಣ್ಣದು. ಮೊದಲಿಗೆ ಈ ಅಂಕವು ಹರಳನ್ನು ಜರಡಿ ಹಿಡಿಯುವ ಜಾಲರಿಯಲ್ಲಿ ಒಂದು ಅಂಗುಲಕ್ಕೆ ಎಷ್ಟು ಕಣ್ಣುಗಳಿವೆಯೆಂಬುದರಿಂದ ಹುಟ್ಟಿದುದು. ಐರೋಪ್ಯ ಕ್ರಮದಲ್ಲಿ ಅಂಕದ ಹಿಂದೆ ಪಿ ಎಂಬ ಅಕ್ಷರವಿರುತ್ತದೆ. ಆ ಕ್ರಮದ ಪ್ರಕಾರ ಹರಳಿನ ಸರಾಸರಿ ಗಾತ್ರವು ಸುಮಾರಾಗಿ ಹೀಗಿದೆ:

ಪಿ 36: ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು.
ಪಿ 60: ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು.
ಪಿ 80: ಮಿಲಿಮೀಟರಿನ ಐದನೆಯ ಒಂದು ಪಾಲು.
ಪಿ 120: ಎಂಟನೆಯ ಒಂದು ಪಾಲು.
ಪಿ 180: ಹನ್ನೆರಡನೆಯ ಒಂದು ಪಾಲು.
ಪಿ 320: ಇಪ್ಪತ್ತನೆಯ ಒಂದು ಪಾಲಿಗಿಂತ ಕಡಿಮೆ.

ಅಮೆರಿಕಾದ ಹಳೆಯ ಕ್ರಮದಲ್ಲಿ ಪಿ ಅಕ್ಷರವಿರುವುದಿಲ್ಲ. 220ರ ವರೆಗೆ ಎರಡು ಕ್ರಮಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಅದರ ಮೇಲೆ ವ್ಯತ್ಯಾಸ ಬೆಳೆಯುತ್ತದೆ. ಪಿ 400 ಎಂಬುದು ಅಮೆರಿಕಾದ 320ಕ್ಕೆ ಹೆಚ್ಚುಕಡಿಮೆ ಸಮ. ನಮ್ಮ ದುರಸ್ತಿಗೆ ಮುಖ್ಯವಾದ ನಂಬರುಗಳು 36ರಿಂದ 180ರ ಒಳಗೇ ಇರುವುದರಿಂದ ಈ ಗೊಂದಲವು ಬಾಧಿಸದು.

4. ಬೆನ್ನು, ಅಂಟು ಮತ್ತು ಹರಳಿನ ಅಂತರ

ಹರಳೊಂದನ್ನೇ ನೋಡಿದರೆ ಸಾಲದು. ಹಾಳೆಯ ಬೆನ್ನು ಕಾಗದದ್ದೋ ಬಟ್ಟೆಯದೋ ಎಂಬುದನ್ನೂ ನೋಡಬೇಕು. ಡ್ರಮ್ಮಿನಂತಹ ಬಾಗಿದ ಮೈಗೆ ತೆಳು ಬೆನ್ನಿನ ಹಾಳೆಯು ಒಗ್ಗುತ್ತದೆ. ಒರಟು ಕೆಲಸಕ್ಕೆ ಬಟ್ಟೆಯ ಬೆನ್ನು ಹರಿಯದೆ ತಾಳುತ್ತದೆ. ಹರಳನ್ನು ಹಿಡಿದಿರುವ ಅಂಟು ಹಿಂದಿನ ಕಾಲದ ಚರ್ಮದ ವಜ್ರವಾದರೆ ನೀರು ತಾಗಿದ ಕೂಡಲೆ ಕರಗಿ ಹರಳೆಲ್ಲವೂ ಉದುರುತ್ತದೆ. ನೀರಿನಲ್ಲಿ ಉಜ್ಜುವ ಹಾಳೆಗೆ ರಾಳದ ಅಂಟೂ ನೀರಿಗೆ ತಡೆಯುವ ಕಾಗದವೂ ಅಗತ್ಯ.

ಮೂರನೆಯದು ಹರಳಿನ ಅಂತರ. ಕೆಲವು ಹಾಳೆಗಳಲ್ಲಿ ಹರಳು ಒತ್ತೊತ್ತಾಗಿ ತುಂಬಿರುತ್ತದೆ. ಇನ್ನು ಕೆಲವುಗಳಲ್ಲಿ ಮೈಯ ಸುಮಾರು ಅರ್ಧದಿಂದ ಮುಕ್ಕಾಲು ಪಾಲನ್ನು ಮಾತ್ರ ಹರಳು ಆವರಿಸಿದ್ದು, ನಡುನಡುವೆ ಬಯಲು ಬಿಟ್ಟಿರುತ್ತದೆ. ರಾಳದ ಧೂಳು ಅಂಟುಸ್ವಭಾವದ್ದಾದುದರಿಂದ ಒತ್ತು ಹರಳಿನ ಹಾಳೆಯ ಸಂದುಗಳಲ್ಲಿ ಕೂತು ಅದನ್ನು ಬೇಗನೆ ಮುಚ್ಚಿಬಿಡುತ್ತದೆ. ಬಿಡಿ ಹರಳಿನ ಹಾಳೆಯಲ್ಲಿ ಧೂಳು ಹೊರಬೀಳಲು ದಾರಿಯಿರುತ್ತದೆ. ಒಣಗಿ ಉಜ್ಜುವುದಾದರೆ ಬಿಡಿ ಹರಳಿನದನ್ನೇ ಕೇಳಿ ಕೊಳ್ಳತಕ್ಕದ್ದು. ಧೂಳು ಅಂಟದಿರಲೆಂದು ಬಿಳಿಯ ಸಾಬೂನಿನಂತಹ ಲೇಪ ಕೊಟ್ಟ ಹಾಳೆಗಳೂ ದೊರೆಯುತ್ತವೆ. ಇವು ಬಣ್ಣದ ಕೆಲಸಕ್ಕೆ ಅನುಕೂಲ. ಮೇಲೆ ರಾಳ ಹಾಕಬೇಕಾದ ಮೈಯಲ್ಲಿ ಮಾತ್ರ ಆ ಲೇಪದ ಅಂಶ ಉಳಿಯದಂತೆ ಎಚ್ಚರ ವಹಿಸಬೇಕು. ಅಂತಹ ಮೈಗೆ ಲೇಪವಿಲ್ಲದ ಹಾಳೆಯೇ ನಿರ್ಭಯವಾದದ್ದು.

5. ಉಜ್ಜುವುದಕ್ಕೆ ಮುಂಚೆ

ಒಳ್ಳೆಯ ಹಾಳೆಯನ್ನು ತಂದರೂ ಅಕಾಲದಲ್ಲಿ ಉಜ್ಜಿದರೆ ಕೆಲಸ ಕೆಡುತ್ತದೆ. ಈ ಕೆಳಗಿನ ಮೂರು ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದು, ತೊಳೆಯುವಿಕೆ. ಬಗ್ಗಡ, ಪಾಚಿ, ಎಣ್ಣೆ, ಜಿಡ್ಡು ಇವನ್ನು ಸಾಬೂನಿನ ನೀರಿನಿಂದ ತೊಳೆದು, ಬಳಿಕ ಬರಿಯ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಕಾಗದ ಹಿಡಿಯಬೇಕು. ಮೊದಲು ಉಜ್ಜಿ ಆಮೇಲೆ ತೊಳೆಯುವುದು ತಪ್ಪು ಕ್ರಮ. ಏಕೆಂದರೆ ಹರಳು ಜಿಡ್ಡನ್ನು ತೆಗೆಯುವುದಿಲ್ಲ; ತಾನು ಮಾಡಿದ ಗೀರಿನೊಳಕ್ಕೆ ಅದನ್ನು ತುಂಬುತ್ತದೆ. ಸೀಮೆಎಣ್ಣೆ, ಡೀಸೆಲ್ಲುಗಳಿಂದ ಒರಸುವುದು ಇನ್ನೂ ಕೆಟ್ಟದ್ದು. ಅವು ತಾವೇ ಎಣ್ಣೆಯ ಪೊರೆಯನ್ನು ಬಿಡುತ್ತವೆ.

ಎರಡನೆಯದು, ಬೆವರಿನಂತಹ ಪೊರೆ. ಮಲೆನಾಡಿನಲ್ಲಿಯೂ ಮಳೆಗಾಲದಲ್ಲಿಯೂ, ತಂಪು ತೇವಗಳು ಹೆಚ್ಚಾಗಿರುವಾಗ ಗಟ್ಟಿಯಾಗುವ ಎಪಾಕ್ಸಿಯ ಮೇಲೆ ಮೇಣದಂತೆ ಜಾರುವ ಪೊರೆಯೊಂದು ಮೂಡುತ್ತದೆ. ಗಟ್ಟಿಕಾರಕದಲ್ಲಿರುವ ಅಮೈನ್ ಎಂಬ ದ್ರವ್ಯವು ಗಾಳಿಯ ತೇವ ಮತ್ತು ಇಂಗಾಲಾಮ್ಲಗಳೊಡನೆ ಸೇರಿ ಇದಾಗುತ್ತದೆ. ಇದು ನೀರಿನಲ್ಲಿ ಕರಗತಕ್ಕದ್ದು. ಪಾತ್ರೆ ಉಜ್ಜುವ ನೈಲಾನ್ ಜುಂಗಿನಿಂದ ಶುದ್ಧ ನೀರಿನಲ್ಲಿ ತಿಕ್ಕಿ ತೊಳೆದು ಬಟ್ಟೆಯಿಂದ ಒತ್ತಿದರೆ ಹೋಗುತ್ತದೆ. ತೊಳೆಯದೆ ಉಜ್ಜಿದರೆ ಹಾಳೆಯೂ ಮೆತ್ತಿಕೊಂಡು ಕೆಡುತ್ತದೆ, ಮೇಲಿನ ಪದರವೂ ಹಿಡಿಯದು.

ಮೂರನೆಯದು, ರಾಳವು ಪೂರ್ತಿ ಗಟ್ಟಿಯಾಗಿರುವುದು. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ಹಾಳೆಯನ್ನು ನಾಲ್ಕು ಸಲ ಎಳೆದು ನೋಡಿದಾಗ ಧೂಳು ಗೋಧಿಹಿಟ್ಟಿನಂತೆ ಬಿಡಿಬಿಡಿಯಾಗಿ ಉದುರಿದರೆ ಕಾಲ ಸನ್ನಿಹಿತವಾಗಿದೆಯೆಂದೂ, ಉರುಳೆಯಾಗಿ ಹಾಳೆಗೆ ಮೆತ್ತಿಕೊಂಡರೆ ಇನ್ನೂ ಕಾಯಬೇಕೆಂದೂ ತಿಳಿಯತಕ್ಕದ್ದು. ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಕ್ಷೇಮ; ಚಳಿಗಾಲದಲ್ಲಿ ಇನ್ನೂ ಹೆಚ್ಚು ಬೇಕು. ಅರೆಗಟ್ಟಿಯಾದ ರಾಳದ ಧೂಳು ಮೈಗೂ ಹೆಚ್ಚು ಕೆಡುಕು.

ಇದಕ್ಕೆ ಸೇರಿದ ಇನ್ನೊಂದು ವಿಷಯವುಂಟು. ನಾವು ಹಳ್ಳಿಯಲ್ಲಿ ಬಿಸಿ ಮಾಡದೆ ಗಟ್ಟಿಮಾಡುವ ಎಪಾಕ್ಸಿಗಳು ಅನೇಕವಾಗಿ 50ರಿಂದ 60 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಮೆದುವಾಗತೊಡಗುತ್ತವೆ. ಬೇಸಗೆಯ ಮಧ್ಯಾಹ್ನದಲ್ಲಿ ಬಿಸಿಲಿಗೆ ಕಾದ ಡ್ರಮ್ಮಿಗೆ ಉಜ್ಜುವಿಕೆಯ ಬಿಸಿಯೂ ಸೇರಿದರೆ ರಾಳವು ಮೇಣದಂತಾಗಿ ಹಾಳೆಯನ್ನು ಮುಚ್ಚುತ್ತದೆ. ಹಾಳೆ ಕಚ್ಚುವುದಿಲ್ಲವೆಂದು ಕೆಲಸಗಾರನು ಇನ್ನೂ ಬಲವಾಗಿ ಒತ್ತುತ್ತಾನೆ. ಬಿಸಿ ಇನ್ನೂ ಹೆಚ್ಚುತ್ತದೆ. ಆದುದರಿಂದ ಬೆಳಗಿನ ಹೊತ್ತು, ನೆರಳಿನಲ್ಲಿ, ಹಗುರವಾದ ಕೈಯಿಂದ ಉಜ್ಜುವುದು ಯುಕ್ತ. ಕೊಯ್ಯುವ ಕೆಲಸ ಹರಳಿನದು, ತೋಳಿನದಲ್ಲ.

6. ಗ್ಯಾಸ್ ಡ್ರಮ್ಮಿನ ದುರಸ್ತಿ: ಹಂತಗಳೂ ನಂಬರುಗಳೂ

ಕೆಲಸಕ್ಕೆ ಕೈಹಾಕುವ ಮುಂಚೆ ಒಂದು ಕಟ್ಟೆಚ್ಚರಿಕೆ. ಸಗಣಿ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೀಥೇನ್ ಇರುತ್ತದೆ. ಗಾಳಿಯಲ್ಲಿ ಮೀಥೇನು ನೂರಕ್ಕೆ 5ರಿಂದ 15ರ ವರೆಗೆ ಬೆರೆತಾಗ ಒಂದು ಕಿಡಿಯಿಂದ ಸಿಡಿಯುತ್ತದೆ. ಡ್ರಮ್ಮು ಬಾವಿಯ ಮೇಲಿರುವಾಗಲೇ ಅದರ ಮೇಲೆ ಗ್ರೈಂಡರ್ ಹಿಡಿಯುವುದು ಜೀವಕ್ಕೆ ಅಪಾಯ. ಅನಿಲವನ್ನು ಹೊರಬಿಟ್ಟು, ಡ್ರಮ್ಮನ್ನು ಎತ್ತಿ ದೂರದ ಬಯಲಿಗೆ ಸಾಗಿಸಿ, ಬಾಯಿ ಮೇಲಾಗಿ ಇಟ್ಟು, ನೀರಿನಿಂದ ತೊಳೆದು, ಒಂದು ದಿನ ಗಾಳಿಯಾಡಲು ಬಿಡತಕ್ಕದ್ದು. ತೆರೆದ ಬಾವಿಗೆ ಬೇಲಿಯನ್ನಾಗಲಿ ಹಲಗೆಯನ್ನಾಗಲಿ ಹಾಕಿಸಬೇಕು. ಯಾವ ಕಾರಣಕ್ಕೂ ಯಾರೂ ಅದರೊಳಗೆ ಇಳಿಯಕೂಡದು. ಹತ್ತಿರ ಬೀಡಿ ಹಚ್ಚಕೂಡದು.

ಮೊದಲನೆಯ ಹಂತ, ಇಳಿಜಾರು ತೆಗೆಯುವುದು. ಬಿರುಕಿನ ಮೇಲೆ ಹಾಗೆಯೇ ಬಟ್ಟೆ ಅಂಟಿಸಿದರೆ ಭಾರವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ಬಿರುಕಿನ ಎರಡು ಕಡೆಗೂ ಗೋಡೆಯ ದಪ್ಪದ ಹನ್ನೆರಡರಷ್ಟು ಅಗಲಕ್ಕೆ ಇಳಿಜಾರಾಗಿ ತೆಗೆಯುವುದು ಒಳ್ಳೆಯ ಅಳತೆ. ಗೋಡೆಯು 4 ಮಿಲಿಮೀಟರು ದಪ್ಪವಿದ್ದರೆ ಪ್ರತಿ ಕಡೆಗೂ 48 ಮಿಲಿಮೀಟರು, ಅಂದರೆ ಸುಮಾರು ಎರಡು ಅಂಗುಲ. ಇದಕ್ಕೆ ಯಂತ್ರದಲ್ಲಾದರೆ 36ರ ಬಿಲ್ಲೆ, ಕೈಯಲ್ಲಾದರೆ 40 ಅಥವಾ 60ರ ಬಟ್ಟೆಬೆನ್ನಿನ ಹಾಳೆ ಬೇಕು. ಎರಡೂ ಅಲ್ಯುಮಿನಿಯಂ ಆಕ್ಸೈಡಿನವು. ಮೇಲಿನ ಬಣ್ಣದ ಪದರವನ್ನೂ ಸಡಿಲವಾದ ನಾರನ್ನೂ ತೆಗೆದು ಗಟ್ಟಿ ಮೈ ಸಿಕ್ಕುವ ವರೆಗೆ ಕೊಯ್ಯಬೇಕು. ಬಿಲ್ಲೆಯ ಮೇಲೆ ಬರೆದಿರುವ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಿಮೆಯಿದ್ದರೆ ಅಂತಹ ಬಿಲ್ಲೆಯನ್ನು ಹಾಕಲೇಕೂಡದು. ಅದು ಒಡೆದು ಚಿಮ್ಮುತ್ತದೆ.

ಎರಡನೆಯ ಹಂತ, ಕಚ್ಚು ಕೊಡುವುದು. ಯಂತ್ರವು ಬಿಟ್ಟ ಆಳವಾದ ಗೆರೆಗಳನ್ನು ಕೈಯಿಂದ 60ರಲ್ಲಿಯೂ ಬಳಿಕ 80ರಲ್ಲಿಯೂ ಸರಿಮಾಡಬೇಕು. ಇಳಿಜಾರಿನ ಆಚೆಗೂ ಒಂದಂಗುಲ ಅಗಲಕ್ಕೆ 80ರಿಂದ ಉಜ್ಜತಕ್ಕದ್ದು. ಎಪಾಕ್ಸಿಯ ಹಿಡಿತಕ್ಕೆ 80ರ ಗೀರು ಸರಿಯಾದ ಆಳದ್ದು. ಇಲ್ಲಿಂದ ಮುಂದೆ ಹೋಗಿ 220ರಲ್ಲಿ ನುಣುಪು ಮಾಡುವುದು ಶ್ರಮವನ್ನು ಕೊಟ್ಟು ಬಲವನ್ನು ಕಳೆದುಕೊಂಡಂತೆ. ಮೈಯೆಲ್ಲವೂ ಹೊಳಪಿಲ್ಲದೆ ಸುಣ್ಣದ ಗೋಡೆಯಂತೆ ಮಂಕಾಗಿ ಕಾಣಬೇಕು. ಎಲ್ಲಿ ಮಿಂಚು ಉಳಿದಿದೆಯೋ ಅಲ್ಲಿ ಹಾಳೆ ತಾಗಿಲ್ಲವೆಂದು ತಿಳಿಯಬೇಕು. ನಾರು ಹೊರಬೀಳದ ಕಡೆ ನಾಲ್ಕು ಹನಿ ಶುದ್ಧ ನೀರನ್ನು ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ನೀರು ತೆಳುವಾಗಿ ಹರಡಿದರೆ ಮೈ ಶುದ್ಧ. ಕೆಸುವಿನೆಲೆಯ ಮೇಲಿನಂತೆ ಮುತ್ತುಮುತ್ತಾಗಿ ನಿಂತರೆ ಜಿಡ್ಡು ಉಳಿದಿದೆ. ನಾರು ಹೊರಬಿದ್ದ ಜಾಗಕ್ಕೆ ಈ ಹಂತದಲ್ಲಿ ನೀರು ತಾಗಿಸಬಾರದು. ಅದು ನಾರಿನ ಉದ್ದಕ್ಕೂ ಒಳಗೆ ಹೀರುತ್ತದೆ. ಧೂಳನ್ನು ಕುಂಚದಿಂದಲೂ ಒಗೆದ ಒಣಬಟ್ಟೆಯಿಂದಲೂ ತೆಗೆದು, ಆ ದಿನವೇ ರಾಳವನ್ನೂ ಬಟ್ಟೆಯನ್ನೂ ಹಾಕಬೇಕು.

ಮೂರನೆಯ ಹಂತ, ತೇಪೆಯನ್ನು ಮಟ್ಟ ಮಾಡುವುದು. ತೇಪೆಯು ಗಟ್ಟಿಯಾದ ಮೇಲೆ ಮೊದಲು ನೀರಿನಿಂದ ತೊಳೆದು ಒಣಗಿಸಿ, ಎದ್ದುನಿಂತ ಅಂಚು ಗಂಟುಗಳನ್ನು 80ರ ಬಿಡಿ ಹರಳಿನ ಹಾಳೆಯಿಂದ ತೆಗೆಯಬೇಕು. ಹಾಳೆಯನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನ ಕೆಳಗೆ ಕುಳಿ ಬೀಳುತ್ತದೆ. ಅಂಗೈಯಗಲದ ಮರದ ತುಂಡಿಗೆ ಹಳೆಯ ಸೈಕಲ್ ಟ್ಯೂಬಿನ ರಬ್ಬರನ್ನು ಅಂಟಿಸಿ ಅದರ ಮೇಲೆ ಹಾಳೆ ಸುತ್ತಿಕೊಂಡರೆ ಸಮವಾಗಿ ಕೊಯ್ಯುತ್ತದೆ. ಉಜ್ಜುವ ಮುಂಚೆ ಮೈಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿಟ್ಟರೆ, ಗೆರೆ ಅಳಿದ ಕಡೆ ಉಬ್ಬು, ಉಳಿದ ಕಡೆ ತಗ್ಗು ಎಂದು ತಿಳಿಯುತ್ತದೆ. ತಗ್ಗನ್ನು ರಾಳದಿಂದ ತುಂಬಬೇಕೇ ಹೊರತು ಸುತ್ತಲೂ ಉಜ್ಜಿ ಸಮಮಾಡಲು ಹೋಗಬಾರದು. ಗಾಜಿನ ಬಟ್ಟೆಯ ಹೆಣಿಗೆ ಕಂಡ ಕೂಡಲೆ ಕೈ ನಿಲ್ಲಿಸತಕ್ಕದ್ದು. ಕೊಯ್ದ ನಾರು ಕಳೆದುಹೋದ ಬಲ. ತೇಪೆಯ ಬೆಲೆಯೆಲ್ಲ ಆ ನಾರಿನಲ್ಲಿಯೇ ಇದೆ.

ನಾಲ್ಕನೆಯ ಹಂತ, ಮುಚ್ಚುವ ಲೇಪ ಮತ್ತು ಬಣ್ಣ. ಹೊರಗೆ ಕಂಡ ನಾರಿನ ತುದಿಗಳು ನೀರನ್ನು ಹೀರುವುದರಿಂದ ಮೇಲೆ ಇನ್ನೊಂದು ಕೈ ರಾಳವನ್ನು ಬಳಿಯಬೇಕು. ಅದು ಗಟ್ಟಿಯಾದ ಬಳಿಕ ತೊಳೆದು, 120ರಿಂದಲೂ ಅನಂತರ 180ರಿಂದಲೂ ಉಜ್ಜಿದರೆ ಪ್ರೈಮರ್ ಹಿಡಿಯುವಷ್ಟು ಮೈ ಸಿದ್ಧವಾಗುತ್ತದೆ. ಪ್ರೈಮರಿನ ಮೇಲೆ 320ರ ವಾಟರ್ ಪೇಪರಿನಿಂದ ನೀರಿನೊಡನೆ ಹಗುರವಾಗಿ ಉಜ್ಜಿ ಬಣ್ಣ ಬಳಿಯಬಹುದು. ಎಪಾಕ್ಸಿಯು ಬಿಸಿಲಿಗೆ ಕ್ರಮೇಣ ಸುಣ್ಣದಂತೆ ಪುಡಿಯಾಗುವ ಸ್ವಭಾವದ್ದಾದುದರಿಂದ ಬಯಲಿನಲ್ಲಿರುವ ಡ್ರಮ್ಮಿಗೆ ಬಣ್ಣವು ಅಲಂಕಾರವಲ್ಲ, ರಕ್ಷಣೆ.

ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುವಾಗ ಬಹಳ ದೂರ ಹಾರಬಾರದು. 60, 80, 120, 180 ಎಂಬ ಮೆಟ್ಟಿಲುಗಳು ಸರಿಯಾದುವು. 60ರಿಂದ ಒಮ್ಮೆಲೇ 180ಕ್ಕೆ ಹೋದರೆ ಹಿಂದಿನ ಆಳದ ಗೀರುಗಳನ್ನು ತೆಗೆಯುವುದರಲ್ಲಿಯೇ ಹಾಳೆಗಳು ಮುಗಿಯುತ್ತವೆ. ಪ್ರತಿ ಮೆಟ್ಟಿಲಿನಲ್ಲಿಯೂ ಹಿಂದಿನ ಧೂಳನ್ನು ಗುಡಿಸತಕ್ಕದ್ದು. ಉಳಿದ ಒಂದು ದಪ್ಪ ಹರಳು ಸಹ ಹೊಸ ಗೀರನ್ನು ಎಳೆಯುತ್ತದೆ.

ಡ್ರಮ್ಮನ್ನು ತಿರುಗಿ ಬಾವಿಯಲ್ಲಿ ಕೂರಿಸಿ ಅನಿಲ ತುಂಬಿದ ಮೇಲೆ ತೇಪೆಯ ಅಂಚಿಗೆಲ್ಲ ಸಾಬೂನಿನ ನೊರೆಯನ್ನು ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರಿಕೆಯುಂಟು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಹುಚ್ಚುತನವನ್ನು ಯಾರೂ ಮಾಡಬಾರದು.

ಹರಿಗೋಲು, ಮೀನುತೊಟ್ಟಿಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಕುಡಿಯುವ ನೀರಿನ ತೊಟ್ಟಿಯಾದರೆ ಸಾಧ್ಯವಾದಷ್ಟು ಹೊರಮೈಯಿಂದಲೇ ದುರಸ್ತಿ ಮಾಡಿಸಬೇಕು. ಒಳಮೈಗೆ ಕುಡಿಯುವ ನೀರಿಗೆ ತಕ್ಕುದೆಂದು ತಯಾರಕರು ನಮೂದಿಸಿರುವ ರಾಳವನ್ನು ಮಾತ್ರ ಹಾಕಿಸಿ, ಪೂರ್ತಿ ಗಟ್ಟಿಯಾದ ಬಳಿಕ ಹಲವು ಸಲ ತೊಳೆದು ಉಪಯೋಗಿಸತಕ್ಕದ್ದು.

7. ಧೂಳಿನ ವಿಚಾರ

ಉಜ್ಜುವಾಗ ಏಳುವ ಧೂಳಿನಲ್ಲಿ ಗಾಜಿನ ನಾರಿನ ತುಂಡುಗಳೂ ರಾಳದ ಪುಡಿಯೂ ಇರುತ್ತವೆ. ನಾರು ಚರ್ಮಕ್ಕೆ ಚುಚ್ಚಿ ತುರಿಕೆಯನ್ನೂ, ಕಣ್ಣಿಗೆ ಬಿದ್ದರೆ ಗಾಯವನ್ನೂ ಉಂಟುಮಾಡುತ್ತದೆ. ಎಪಾಕ್ಸಿಯ ಪುಡಿಯಿಂದ ಕೆಲವರಿಗೆ ಚರ್ಮವು ಕೆಂಪಾಗಿ ಏಳುವುದೂ, ಉಬ್ಬಸ ಬರುವುದೂ ಉಂಟು. ಒಮ್ಮೆ ಈ ದೋಷ ಹತ್ತಿದವರಿಗೆ ಮುಂದೆ ಅಲ್ಪ ಸೋಂಕಿನಿಂದಲೂ ಮರುಕಳಿಸುತ್ತದೆ. ಮುಖಕ್ಕೆ ಟವಲು ಸುತ್ತಿಕೊಂಡರೆ ಸಾಲದು. ಸಣ್ಣ ಧೂಳು ಅದರ ಎಳೆಗಳ ನಡುವೆ ನುಸುಳಿ ಹೋಗುತ್ತದೆ. ಎನ್ 95 ಎಂದು ಗುರುತು ಮಾಡಿದ ಮುಖವಾಡವನ್ನು ಸಂದಿಲ್ಲದಂತೆ ಕಟ್ಟಿಕೊಂಡು, ಕನ್ನಡಕ, ಕೈಗವಸು, ತುಂಬು ತೋಳಿನ ಅಂಗಿ ಇವನ್ನು ಹಾಕಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಮೈಯನ್ನು ಉಜ್ಜದೆ ತಣ್ಣೀರನ್ನು ಸುರಿದುಕೊಂಡು ನಾರನ್ನು ಹೋಗಲಾಡಿಸಿ, ಬಳಿಕ ಸಾಬೂನು ಹಚ್ಚತಕ್ಕದ್ದು. ಆ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಡನೆ, ವಿಶೇಷವಾಗಿ ಮಕ್ಕಳ ಬಟ್ಟೆಗಳೊಡನೆ, ಒಗೆಯಬಾರದು.

ನೀರಿಗೆ ತಡೆಯುವ ಉಪ್ಪುಕಾಗದವು 1921ರಲ್ಲಿ ಅಮೆರಿಕಾದ ಮಾರುಕಟ್ಟೆಗೆ ಬಂದಾಗ, ಮೋಟಾರು ಗಾಡಿಗಳಿಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಧೂಳನ್ನು ಬಹುಮಟ್ಟಿಗೆ ತಗ್ಗಿಸಿತು. ನಮಗೂ ಅದೇ ಉಪಾಯ ಸುಲಭವಾದುದು. ನಾರು ಮುಚ್ಚಿರುವ ಮೈಯನ್ನು ಕೈಯಿಂದ ಉಜ್ಜುವಾಗಲೆಲ್ಲ ನೀರನ್ನು ಬಳಸಿದರೆ ಧೂಳೂ ಏಳದು, ಬಿಸಿಯೂ ಏರದು, ಹಾಳೆಯೂ ಹೆಚ್ಚು ಕಾಲ ಬಾಳುತ್ತದೆ. ವಿದ್ಯುತ್ ಯಂತ್ರದೊಡನೆ ಮಾತ್ರ ನೀರನ್ನು ಸೇರಿಸಕೂಡದು. ಮೇವಿನ ಬಣವೆ, ದನದ ಕಲಗಚ್ಚಿನ ತೊಟ್ಟಿ, ಬಾವಿ, ಕಣ ಇವುಗಳ ಗಾಳಿಯ ಮೇಲ್ಬದಿಯಲ್ಲಿ ಈ ಕೆಲಸ ನಡೆಯಬಾರದು. ಧೂಳನ್ನು ತೇವ ಮಾಡಿ ಗುಡಿಸಿ ಚೀಲದಲ್ಲಿ ಕಟ್ಟಿ ಪಂಚಾಯಿತಿಯ ಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಬೇಕು. ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ, ಸುಟ್ಟರೆ ಕೆಟ್ಟ ಹೊಗೆ ಏಳುತ್ತದೆ.

8. ಖರ್ಚು ಮತ್ತು ಮೇಲ್ವಿಚಾರಣೆ

ಉಪ್ಪುಕಾಗದದಲ್ಲಿ ಉಳಿತಾಯ ಮಾಡುವುದು ಬೀಜದಲ್ಲಿ ಉಳಿತಾಯ ಮಾಡಿದಂತೆ. ಸಾಮಾನ್ಯ ಹಾಳೆಯು 230 ಮಿಲಿಮೀಟರು ಅಗಲ, 280 ಮಿಲಿಮೀಟರು ಉದ್ದವಿರುತ್ತದೆ. ನಾಲ್ಕು ತುಂಡು ಮಾಡಿದರೆ ಕೈಮಣೆಗೆ ಸರಿಹೋಗುತ್ತದೆ. ಒಂದು ತುಂಡು ಕೊಯ್ಯುವುದನ್ನು ಬಿಟ್ಟು ಜಾರಲು ತೊಡಗಿದ ಕೂಡಲೆ ಅದನ್ನು ಎಸೆಯಬೇಕು. ಸವೆದ 80ರ ಹಾಳೆಯು 80ರ ಕೆಲಸವನ್ನು ಮಾಡುವುದಿಲ್ಲ. ಹೊಳಪು ಕೊಡುವ ಬಟ್ಟೆಯ ಕೆಲಸವನ್ನು ಮಾಡುತ್ತದೆ. ಮೂರು ತೇಪೆ ಕಿತ್ತುಹೋದ ಡ್ರಮ್ಮಿನ ಮಾಲಿಕನು ರಾಳಕ್ಕೂ ಬಟ್ಟೆಗೂ ಕೂಲಿಗೂ ಮೂರು ಸಲ ಹಣ ತೆತ್ತನು; ಅಷ್ಟು ಕಾಲ ಒಲೆಗೆ ಅನಿಲವಿಲ್ಲದೆ ಸೌದೆಯನ್ನೂ ಕೊಂಡನು. ಉಳಿಸಿದ್ದು ಕೆಲವು ಹಾಳೆಗಳ ಬೆಲೆಯನ್ನು ಮಾತ್ರ.

ಆದುದರಿಂದ ಊರಿನ ಮುಖ್ಯಸ್ಥರು ಮತ್ತು ಹಿಡುವಳಿದಾರರು ದುರಸ್ತಿಯನ್ನು ಗುತ್ತಿಗೆಗೆ ಕೊಡುವಾಗ ಈ ಕೆಳಕಂಡ ಷರತ್ತುಗಳನ್ನು ಮೊದಲೇ ಮಾತಾಡಿಕೊಳ್ಳುವುದು ಉಚಿತ. ತೊಳೆದ ಮೇಲೆಯೇ ಉಜ್ಜತಕ್ಕದ್ದು. ಹೊಸ ಹಾಳೆಗಳನ್ನೇ ತರತಕ್ಕದ್ದು, ಅವುಗಳ ನಂಬರನ್ನು ಮಾಲಿಕನಿಗೆ ತೋರಿಸತಕ್ಕದ್ದು. ರಾಳ ಬಳಿಯುವ ಮುಂಚೆ 80ರಿಂದ ಉಜ್ಜಿದ ಮಂಕು ಮೈಯನ್ನು ಮಾಲಿಕನು ಕಣ್ಣಾರೆ ನೋಡತಕ್ಕದ್ದು. ಮುಖವಾಡವಿಲ್ಲದೆ ಯಾರೂ ಯಂತ್ರ ಹಿಡಿಯತಕ್ಕದ್ದಲ್ಲ. ಡ್ರಮ್ಮುಗಳು ಹೆಚ್ಚಾಗಿರುವ ಊರಿನಲ್ಲಿ ಸಹಕಾರ ಸಂಘದ ವತಿಯಿಂದ 36, 60, 80, 120, 180, 320 ಈ ಆರು ನಂಬರುಗಳ ಹಾಳೆ ಬಿಲ್ಲೆಗಳನ್ನೂ ನಾಲ್ಕಾರು ಮುಖವಾಡ ಕನ್ನಡಕಗಳನ್ನೂ ತೇವ ತಾಗದ ಪೆಟ್ಟಿಗೆಯಲ್ಲಿ ಸಂಗ್ರಹಿಸಿಟ್ಟರೆ, ಮಳೆಗಾಲದ ನಡುವೆ ಪೇಟೆಗೆ ಓಡುವ ತೊಂದರೆ ತಪ್ಪುತ್ತದೆ. ಇದ್ದುದರಲ್ಲಿ ತೀರಿಸಿಕೊಳ್ಳುವ ದುರಭ್ಯಾಸವೂ ತಪ್ಪುತ್ತದೆ.